ಕಾಯಕವೇ ಕೈಲಾಸ: ಒಂದು ಸಾಲಿನ ಹಿಂದೆ ಮೂರು ದಿನ

ನಮ್ಮದು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ನಾನು ಅಲ್ಲಿ ಗ್ರಂಥಪಾಲಕಿ. ಬಸವ ಜಯಂತಿಗೆ ಇನ್ನೂ ನಾಲ್ಕು ದಿನ ಇತ್ತು. ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಕೌಂಟರ್ ಹತ್ತಿರ ಬಂದು, "ಮೇಡಂ, ಕಾಯಕವೇ ಕೈಲಾಸ ವಚನ ಪೂರ್ತಿ ಬೇಕಿತ್ತು" ಅಂದಳು. ಭಿತ್ತಿಪತ್ರಿಕೆಗೆ ಬೇಕಂತೆ. ಮೇಲೆ ದಪ್ಪ ಅಕ್ಷರದಲ್ಲಿ ಆ ಸಾಲು, ಕೆಳಗೆ ಇಡೀ ವಚನ, ಪಕ್ಕದಲ್ಲಿ ಬಸವಣ್ಣನವರ ಚಿತ್ರ. ಚಿತ್ರ ಆಗಲೇ ಬರೆದಾಗಿತ್ತು. ಕೆಳಗೆ ಖಾಲಿ ಜಾಗ ಮಾತ್ರ ಉಳಿದಿತ್ತು.

ಐದು ನಿಮಿಷದ ಕೆಲಸ ಅಂದುಕೊಂಡೆ. ಬಸವಣ್ಣನವರ ಸಂಪುಟ ತೆಗೆದು ಕೊಟ್ಟರೆ ಮುಗಿಯಿತು, ಅಲ್ವಾ? ಆ ಸಾಲು ಬಸವಣ್ಣನವರದ್ದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಎಷ್ಟು ಖಾತ್ರಿ ಅಂದರೆ, ಹಿಂದಿನ ವರ್ಷ ಗ್ರಂಥಪಾಲಕರ ದಿನಕ್ಕೆ ಮಾಡಿಸಿದ 500 ಬುಕ್‌ಮಾರ್ಕ್‌ಗಳ ಮೇಲೆ "ಕಾಯಕವೇ ಕೈಲಾಸ - ಬಸವಣ್ಣ" ಅಂತ ನಾನೇ ಅಚ್ಚು ಹಾಕಿಸಿದ್ದೆ. ಅರ್ಧಕ್ಕಿಂತ ಜಾಸ್ತಿ ಹಂಚಿಯೂ ಆಗಿತ್ತು.

ಮಾಹಿತಿ ಸಾಕ್ಷರತೆಯ ಬಗ್ಗೆ, ಅಂದರೆ ಮಾಹಿತಿ ಹುಡುಕಿ ಅದು ನಿಜವಾ ಅಂತ ತೂಗಿ ನೋಡುವುದರ ಬಗ್ಗೆ, ತರಬೇತಿಗಳಲ್ಲಿ ಕೂತು ಕೇಳಿದ್ದೇನೆ, ಹೊಸ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಸ್ಲೈಡ್ ತೋರಿಸಿದ್ದೇನೆ. ಆದರೆ ಆ ವಿಷಯ ನನಗೇ ಸರಿಯಾಗಿ ಅರ್ಥವಾದದ್ದು ಈ ಒಂದು ಪ್ರಶ್ನೆಯಿಂದ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ದಿನ

ಕರ್ನಾಟಕ ಸರ್ಕಾರ ತಂದ ಸಮಗ್ರ ವಚನ ಸಂಪುಟ ನಮ್ಮ ಲೈಬ್ರರಿಯಲ್ಲಿದೆ. ಮೊದಲು ಬಂದದ್ದು 1993ರಲ್ಲಿ, ಒಟ್ಟು 15 ಸಂಪುಟ. ರಿಜಿಸ್ಟರ್‌ನಲ್ಲಿ 15, ಕಪಾಟಿನಲ್ಲಿ 12. ಉಳಿದ ಮೂರರ ಕಥೆ ಆಮೇಲೆ ಹೇಳುತ್ತೇನೆ.

ಮೊದಲ ಸಂಪುಟ ಬಸವಣ್ಣನವರದ್ದು, ಎಂ.ಎಂ. ಕಲಬುರ್ಗಿ ಅವರ ಸಂಪಾದನೆ. ತೆಗೆದು ಮೇಜಿನ ಮೇಲಿಟ್ಟು ಹಿಂದಿನ ಸೂಚಿ ತೆರೆದೆ. ಅದು ವಚನದ ಮೊದಲ ಸಾಲಿನ ಅಕಾರಾದಿ. "ಕಾ" ವಿಭಾಗದಲ್ಲಿ "ಕಾಯಕವೇ ಕೈಲಾಸ" ಇಲ್ಲ. ಇರದಿದ್ದರೆ ವಚನದ ನಡುವೆ ಎಲ್ಲೋ ಇರಬೇಕು. ಆದರೆ ನಡುವಿನ ಸಾಲಿಗೆ ಈ ಸೂಚಿ ಉಪಯೋಗಕ್ಕೆ ಬರುವುದಿಲ್ಲ. ಬಸವಣ್ಣನವರ ವಚನ ಸುಮಾರು 1,400. ನಾವಿಬ್ಬರೂ ಅರ್ಧ ಗಂಟೆ ಪುಟ ತಿರುವಿದೆವು. ಅಷ್ಟರಲ್ಲಿ ಅವಳ ಗೆಳತಿಯರು ಬಂದು ಸೇರಿದರು. ಅವರ ಕೈಯಲ್ಲಿ ಮೊಬೈಲ್.

ಮೊಬೈಲ್‌ನಲ್ಲಿ ಸಿಕ್ಕಿದ್ದೇನು? ನೂರಾರು ಚಿತ್ರ. ಹಳದಿ ಹಿನ್ನೆಲೆ, ಬಸವಣ್ಣನವರ ಮುಖ, ಕೆಳಗೆ ಆ ಸಾಲು. ಶಾಲೆ ಮಕ್ಕಳ ಭಾಷಣ, ಪ್ರಬಂಧ, ಸ್ಟೇಟಸ್. ಎಲ್ಲದರಲ್ಲೂ ಹೆಸರು ಬಸವಣ್ಣನವರದ್ದೇ. ಆದರೆ ಪೂರ್ತಿ ವಚನ ಎಲ್ಲೂ ಇಲ್ಲ. ಇಷ್ಟು ಹೆಸರಾದ ಸಾಲಿನ ಹಿಂದುಮುಂದಿನ ಸಾಲು ಯಾರ ಹತ್ತಿರವೂ ಇಲ್ಲ ಅಂದರೆ ಏನರ್ಥ? ನನಗೆ ಮೊದಲ ಸಲ ಇರುಸುಮುರುಸಾದದ್ದು ಆಗ.

ಅಷ್ಟರಲ್ಲಿ ಒಬ್ಬಳು, "ಸಿಕ್ತು ಮೇಡಂ!" ಅಂದಳು. ಎಐ ಚಾಟ್‌ಬಾಟ್ ಒಂದನ್ನು ಕೇಳಿದ್ದಳು. ಅದು ಆರು ಸಾಲಿನ ವಚನ ಕೊಟ್ಟಿತ್ತು. ಕೊನೆಯಲ್ಲಿ "ಕೂಡಲಸಂಗಮದೇವಾ" ಅಂತ ಅಂಕಿತವೂ ಇತ್ತು. ಹುಡುಗಿಯರು ಪೆನ್ಸಿಲ್ ತೆಗೆದೇಬಿಟ್ಟರು.

ನಾನು ಇನ್ನೊಂದು ಸಲ ಓದಿದೆ. ಮೂರನೇ ಸಾಲಿನಲ್ಲಿ "ಸಮಾಜಸೇವೆ" ಅನ್ನುವ ಪದ ಇತ್ತು. ಹನ್ನೆರಡನೇ ಶತಮಾನದ ಶರಣರು ದಾಸೋಹ ಅಂತಾರೆ, ಜಂಗಮ ಅಂತಾರೆ. ಸಮಾಜಸೇವೆ ಅನ್ನುವುದು ಸಂಘದ ವಾರ್ಷಿಕ ವರದಿಯಲ್ಲಿ ಬರುವ ಮಾತು. "ಇದನ್ನು ಬರೆಯಬೇಡಿ, ನಾಳೆ ಬನ್ನಿ" ಅಂದೆ. ಅವರ ಮುಖ ಸಣ್ಣಗಾಯಿತು. ಓದುಗರ ಸಮಯ ಉಳಿಸಿ ಅಂತ ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1931ರಲ್ಲೇ ಹೇಳಿಟ್ಟಿದ್ದಾರೆ. ನಾನು ಆ ಹುಡುಗಿಯರ ಸಮಯ ತಿನ್ನುತ್ತಿದ್ದೆ.

ಎರಡನೇ ದಿನ, ಒಂದು ಏತ್ವದ ಕಥೆ

ವಚನ ಸಂಚಯ ಅಂತ ಒಂದು ಜಾಲತಾಣ ಇದೆ. 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಅಕ್ಷರ ಸಂಕೇತ), ಒಂದೊಂದು ಪದವನ್ನೂ ಹುಡುಕುವ ಹಾಗೆ ಇಟ್ಟಿದ್ದಾರೆ. ಹುಡುಕಲು ಹಣ ಕೊಡಬೇಕಿಲ್ಲ. ಅದರ ಹೆಸರು ಕೇಳಿದ್ದೆ, ಒಂದೆರಡು ಸಲ ತೆರೆದೂ ಇದ್ದೆ. ಕಪಾಟಿನಲ್ಲಿ ಪುಸ್ತಕ ಇರುವಾಗ ಅದು ಯಾಕೆ ಅಂತ ಸುಮ್ನೆ ಬಿಟ್ಟಿದ್ದೆ.

ಹುಡುಗಿಯರನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ನೀವೇ ಹುಡುಕಿ" ಅಂದೆ. "ಕಾಯಕವೇ ಕೈಲಾಸ" ಅಂತ ಹಾಕಿದರು. ಏನೂ ಸಿಗಲಿಲ್ಲ. "ಕೈಲಾಸ" ಅಂತ ಮಾತ್ರ ಹಾಕಿದರು. ರಾಶಿ ರಾಶಿ ಬಂತು, ಓದಿ ಮುಗಿಸುವಷ್ಟಲ್ಲ. "ಕಾಯಕ" ಅಂತ ಹಾಕಿದರು. ಅದೂ ಹಾಗೇ.

ಆಗ ಮೊದಲ ದಿನ ಬಂದ ಹುಡುಗಿಗೆ ಏನು ಹೊಳೆಯಿತೋ, "ಮೇಡಂ, ಹಳೇ ಕನ್ನಡದಲ್ಲಿ ವೆ ಅಂತ ಚಿಕ್ಕದಿರತ್ತೆ ಅಲ್ವಾ?" ಅಂದಳು. ನಮಗೆಲ್ಲ ಬಾಯಿಪಾಠ ಆಗಿರುವುದು "ಕಾಯಕವೇ", ದೀರ್ಘ. ಅವಳು "ಕಾಯಕವೆ" ಅಂತ ಹ್ರಸ್ವ ಮಾಡಿ ಹಾಕಿದಳು. ಕಿವಿಗೆ ಒಂದೇ ಥರ ಕೇಳುತ್ತೆ. ಕಂಪ್ಯೂಟರ್‌ಗೆ ಅವು ಎರಡು ಬೇರೆ ಪದ.

ವಚನ ಸಿಕ್ಕಿತು. "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು" ಅಂತ ಶುರುವಾಗುತ್ತದೆ. ಆಮೇಲೆ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತದೆ, ಜಂಗಮ ಎದುರು ನಿಂತಿದ್ದರೂ ಹಂಗು ಹರಿಯಬೇಕು ಅನ್ನುತ್ತದೆ. ಅದಾದ ಮೇಲೆ "ಕಾಯಕವೆ ಕೈಲಾಸವಾದ ಕಾರಣ". ಕೊನೆಗೆ ಅಂಕಿತ: ಅಮರೇಶ್ವರಲಿಂಗ.

ಕೂಡಲಸಂಗಮದೇವ ಅಲ್ಲ. ಇದು ಆಯ್ದಕ್ಕಿ ಮಾರಯ್ಯನ ವಚನ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಹಂಗಾದ್ರೆ ಚಿತ್ರ?" ಅಂದಳು.

ಅಂಕಿತ ಅಂದರೆ ಏನು ಅಂತ ನಮ್ಮ ಕನ್ನಡ ಮಕ್ಕಳಿಗೆ ಗೊತ್ತು. ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಪರೀಕ್ಷೆಗೆ ಓದಿರುತ್ತಾರೆ. ಆದರೆ ಅದು "ಈ ಮಾತು ಯಾರದು" ಅಂತ ಪತ್ತೆ ಮಾಡುವ ಗುರುತು ಅಂತ ಅವರು ಯಾವತ್ತೂ ಬಳಸಿ ನೋಡಿರಲಿಲ್ಲ. ನಾವು ಲೈಬ್ರರಿಯವರು ಮೆಟಾಡೇಟಾ, ಅಂದರೆ ಮಾಹಿತಿಯ ಬಗೆಗಿನ ಮಾಹಿತಿ, ಅಂತ ದೊಡ್ಡ ಮಾತಾಡುತ್ತೇವೆ. ವಚನಕಾರರು ಅದನ್ನು ಪದ್ಯದ ಒಳಗೇ ಹೊಲಿದಿಟ್ಟಿದ್ದಾರೆ. ಕರ್ತೃವಿನ ಹೆಸರು ಉದುರಿಹೋದರೂ ಅಂಕಿತ ಉದುರುವುದಿಲ್ಲ. ಉದುರುವುದು ಯಾವಾಗ ಅಂದರೆ, ಯಾರೋ ನಡುವಿನ ಎರಡು ಪದ ಮಾತ್ರ ಕತ್ತರಿಸಿಕೊಂಡು ಹೋದಾಗ. "ಕಾಯಕವೇ ಕೈಲಾಸ"ಕ್ಕೆ ಆದದ್ದು ಅದೇ.

ಹಾಗಂತ ಅಂಕಿತ ಇದ್ದರೆ ಸಾಕು ಅನ್ನುವ ಹಾಗೂ ಇಲ್ಲ. ಹಿಂದಿನ ದಿನದ ಚಾಟ್‌ಬಾಟ್ ವಚನದಲ್ಲೂ ಅಂಕಿತ ಇತ್ತು. ಬಸವಣ್ಣನವರ ಅಂಕಿತ ಬದಲಿಸಿ ಅಚ್ಚಾದ ಒಂದು ಪುಸ್ತಕದ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ 2017ರಲ್ಲಿ ಇತ್ಯರ್ಥವಾದದ್ದು ನಮಗೆಲ್ಲ ನೆನಪಿದೆ. ಅದಕ್ಕೇ ಹುಡುಗಿಯರಿಗೆ, "ಇನ್ನೂ ಬರೆಯಬೇಡಿ. ಅಚ್ಚಾದ ಸಂಪುಟದಲ್ಲಿ ಕಣ್ಣಾರೆ ನೋಡೋಣ" ಅಂದೆ.

ಮಾರಯ್ಯನ ವಚನ ಇರುವುದು ಹಲವು ವಚನಕಾರರನ್ನು ಒಟ್ಟಿಗೆ ಸೇರಿಸಿದ ಸಂಕೀರ್ಣ ವಚನ ಸಂಪುಟದಲ್ಲಿ. ಕಪಾಟಿನಲ್ಲಿ ಇಲ್ಲದ ಮೂರರಲ್ಲಿ ಅದೂ ಒಂದು.

ಸಂಪುಟ ಎಲ್ಲಿತ್ತು

ಇಶ್ಯೂ ರಿಜಿಸ್ಟರ್ ನೋಡಿದರೆ ನಮ್ಮ ಕನ್ನಡ ವಿಭಾಗದ ಮೇಷ್ಟ್ರ ಹೆಸರಲ್ಲಿ ಮೂರು ವರ್ಷದಿಂದ ಕೂತಿದೆ. ಫೋನ್ ಮಾಡಿದೆ. "ಅಯ್ಯೋ, ಮನೇಲಿದೆ ಮೇಡಂ, ನಾಳೆ ತರ್ತೀನಿ" ಅಂದರು. ಯಾಕೆ ಅಂತ ಕೇಳಿದರು, ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಕ್ಕು, "ಅದು ಮಾರಯ್ಯಂದೇ. ನಮಗೆ ಗೊತ್ತಿರೋದೇ. ಆದ್ರೆ ಜನ ಬಸವಣ್ಣೋರ್ದು ಅಂತಾರೆ, ಇರ್ಲಿ ಬಿಡಿ" ಅಂದರು.

ಮೇಷ್ಟ್ರಿಗೆ ಗೊತ್ತಿತ್ತು. ಅಚ್ಚಾದ ಪುಸ್ತಕದಲ್ಲಿತ್ತು. ಜಾಲತಾಣದಲ್ಲೂ ಇತ್ತು. ಆದರೂ ಗೋಡೆ ಮೇಲೆ, ಫ್ಲೆಕ್ಸ್ ಮೇಲೆ, ನನ್ನ ಬುಕ್‌ಮಾರ್ಕ್ ಮೇಲೆ ಬೇರೆಯೇ ಇತ್ತು. ಮಾಹಿತಿ ಸಿಗದೇ ಇರುವುದು ಒಂದು ಸಮಸ್ಯೆ. ಇಲ್ಲಿ ಅದಲ್ಲ. ಯಾರೂ ಕೇಳಲೇ ಇಲ್ಲ, ಅಷ್ಟೇ. ಈ ಹುಡುಗಿಗೂ ಅನುಮಾನ ಬಂದು ಕೇಳಿದ್ದಲ್ಲ. ಭಿತ್ತಿಪತ್ರಿಕೆಯಲ್ಲಿ ಜಾಗ ಖಾಲಿ ಉಳಿದಿತ್ತು ಅಂತ ಕೇಳಿದ್ದು!

ಮೂರನೇ ದಿನ ಮೇಷ್ಟ್ರು ಸಂಪುಟ ತಂದರು. ವಚನ ಅಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಸಣ್ಣ ಚರ್ಚೆಯೂ ಆಯಿತು. ಮೇಷ್ಟ್ರ ವಾದ ಹೀಗೆ: ಕಾಯಕದ ವಿಚಾರಕ್ಕೆ ಬುನಾದಿ ಹಾಕಿದವರು ಬಸವಣ್ಣನವರು, ಮಾರಯ್ಯ ಅವರ ಕಾಲದ ಶರಣ, ಆ ಮಾತು ಕಲ್ಯಾಣದಲ್ಲಿ ಎಲ್ಲರ ಬಾಯಲ್ಲೂ ಇದ್ದಿರಬಹುದು. ತಳ್ಳಿಹಾಕುವ ವಾದ ಅಲ್ಲ. ಆದರೆ "ಇದ್ದಿರಬಹುದು" ಬೇರೆ, "ಇದೆ" ಬೇರೆ. ನಾವು ಹೇಳಬಹುದಾದದ್ದು ಇಷ್ಟು: ನಮಗೆ ಸಿಕ್ಕ ವಚನಗಳಲ್ಲಿ ಈ ಮಾತು ಇರುವುದು ಮಾರಯ್ಯನ ವಚನದಲ್ಲಿ, ಬಸವಣ್ಣನವರ ವಚನಗಳಲ್ಲಿ ಹುಡುಕಿದೆವು, ಸಿಗಲಿಲ್ಲ. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ಅದು ನಮ್ಮ ಊಹೆ.

ಪ್ರಿನ್ಸಿಪಾಲರಿಗೆ ಬೇರೆ ಚಿಂತೆ. "ಜಯಂತಿ ದಿನ ಇದನ್ನ ಎಬ್ಬಿಸಬೇಕಾ ಮೇಡಂ?" ಅಂದರು. ಅವರ ಹೆದರಿಕೆಯೂ ಸುಳ್ಳಲ್ಲ. ಕೊನೆಗೆ ದಾರಿ ತೋರಿಸಿದವರು ಹುಡುಗಿಯರೇ. ಬಸವಣ್ಣನವರ ಚಿತ್ರದ ಕೆಳಗೆ ಅವರದ್ದೇ "ದಯವಿಲ್ಲದ ಧರ್ಮವದೇವುದಯ್ಯಾ" ಬರೆದರು. ಪಕ್ಕದ ಹಾಳೆಯಲ್ಲಿ ಮಾರಯ್ಯನ ವಚನ ಪೂರ್ತಿ ಬರೆದು, ಸಂಪುಟದ ಹೆಸರು, ವಚನದ ಸಂಖ್ಯೆ ಹಾಕಿದರು. ಭಿತ್ತಿಪತ್ರಿಕೆಯಲ್ಲಿ ವಚನಕ್ಕೆ ಸಂಖ್ಯೆ ಹಾಕಿದ್ದು ನಮ್ಮ ಕಾಲೇಜಿನಲ್ಲಿ ನಾನು ಕಂಡ ಹಾಗೆ ಅದೇ ಮೊದಲು. ಜಗಳ ಏನೂ ಆಗಲಿಲ್ಲ. ಜನ ನಿಂತು ಓದಿದರು.

ಓದಲು ಕಾರಣ ಕಥೆ. ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ?" ಅಂತ ಕೇಳಿದಳು. ಅದೂ ವಚನವೇ, ಶಿವಶರಣೆಯರ ಸಂಪುಟದಲ್ಲಿದೆ. ಅವಳ ಅಂಕಿತ "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಹುಡುಗಿಯರು ಇದನ್ನೂ ಹುಡುಕಿ ಬರೆದರು. ಗಂಡನ ವಚನದ ಹಾಳೆಗಿಂತ ಅದು ಒಂದು ಕೈ ದೊಡ್ಡದೇ ಆಗಿತ್ತು.

ಹೊರಗಿನ ಸರಕು, ನಮ್ಮ ಅಳತೆ

ಇದನ್ನೇ ಪಾಠ ಮಾಡೋಣ ಅಂತ ಹೊರಟಾಗ ಇಂಟರ್‌ನೆಟ್‌ನಲ್ಲಿ ಗ್ರಂಥಪಾಲಕರಿಗೆ ಅಂತ ಏನೇನಿದೆ ನೋಡಿದೆ. ಬೇಕಾದಷ್ಟಿದೆ. ಕೋರಾ ಅಂತ ಒಂದು ತಾಣದಲ್ಲಿ ಗ್ರಂಥಪಾಲಕರು ತಾವು ಕೊಟ್ಟ ಅಸೈನ್‌ಮೆಂಟ್‌ಗಳನ್ನು ಹಂಚಿಕೊಂಡಿದ್ದಾರೆ. ಅಮೆರಿಕದ ಕಾಲೇಜು ಗ್ರಂಥಾಲಯಗಳ ಸಂಘ 2016ರಲ್ಲಿ ಒಪ್ಪಿದ ಮಾಹಿತಿ ಸಾಕ್ಷರತೆಯ ಚೌಕಟ್ಟು ಇದೆ. ಅದರ ಆರು ವಿಚಾರಗಳಲ್ಲಿ ಮೊದಲನೆಯದೇ "ಯಾರ ಮಾತಿಗೆ ಎಷ್ಟು ತೂಕ ಅನ್ನುವುದು ಸಂದರ್ಭದ ಮೇಲಿದೆ" ಅನ್ನುವ ಅರ್ಥದ್ದು. ಓದುವುದಕ್ಕೆ ಸೊಗಸು. ಆದರೆ ಸೋಮವಾರ ಬೆಳಿಗ್ಗೆ 60 ಜನ ಕೂತ ಕ್ಲಾಸಿಗೆ ಅದನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ಚಿಕೋ ಗ್ರಂಥಾಲಯದಿಂದ 2004ರಲ್ಲಿ ಬಂದ ಕ್ರಾಪ್ ಪರೀಕ್ಷೆ ನನ್ನ ಹಳೇ ಸ್ಲೈಡ್‌ನಲ್ಲಿತ್ತು. ಅದರಲ್ಲಿ ಐದು ಪ್ರಶ್ನೆ: ಮಾಹಿತಿ ಹೊಸದಾ, ನಮಗೆ ಸಂಬಂಧಪಟ್ಟಿದ್ದಾ, ಬರೆದವರು ಯಾರು, ನಿಖರವಾ, ಉದ್ದೇಶ ಏನು. ನಮ್ಮ ಪ್ರಕರಣಕ್ಕೆ ಹಾಕಿ ನೋಡಿದೆ, ನಗು ಬಂತು. ಹಳದಿ ಹಿನ್ನೆಲೆಯ ಚಿತ್ರ ಮೂರಕ್ಕೆ ಆರಾಮಾಗಿ ಪಾಸ್. ಹೊಸದು, ಸಂಬಂಧಪಟ್ಟಿದ್ದು, ಕರ್ತೃವಿನ ಹೆಸರೂ ಇದೆ. 800 ವರ್ಷ ಹಳೆಯ ವಚನ ಮೊದಲ ಪ್ರಶ್ನೆಯಲ್ಲೇ ಫೇಲ್. ಆ ಸ್ಲೈಡ್ ತೆಗೆದುಹಾಕಿದೆ.

ಉಪಯೋಗಕ್ಕೆ ಬಂದದ್ದು ಮೈಕ್ ಕಾಲ್‌ಫೀಲ್ಡ್ ಅವರ ಸಿಫ್ಟ್ ವಿಧಾನ. 2019ರದ್ದು. ನಾನು ಅದನ್ನು ಕ್ಲಾಸಿಗೆ ಹೇಳುವುದು ಹೀಗೆ: ತಡಿ, ಹೇಳಿದವರು ಯಾರು ನೋಡು, ಬೇರೆಯವರು ಏನಂತಾರೆ ಕೇಳು, ಮಾತಿನ ಬುಡಕ್ಕೆ ಹೋಗು. ನಮ್ಮ ಮಕ್ಕಳಿಗೆ ಸುಲಭವಾಗಿ ಹಿಡಿಸಿದ್ದು ನಾಲ್ಕನೆಯದು.

ಇನ್ನೊಂದು ಅಧ್ಯಯನ ನನ್ನನ್ನೇ ಕುಟುಕಿತು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕ್ಕರ್‌ಗಳು (ಸುದ್ದಿ ನಿಜವಾ ಅಂತ ಪರೀಕ್ಷಿಸುವವರು), 25 ವಿದ್ಯಾರ್ಥಿಗಳನ್ನು ಜಾಲತಾಣಗಳ ಮುಂದೆ ಕೂರಿಸಿದರು. ಇತಿಹಾಸಕಾರರು, ವಿದ್ಯಾರ್ಥಿಗಳು ಬಹಳ ಮಟ್ಟಿಗೆ ಅದೇ ಪುಟವನ್ನು ಮೇಲೆ ಕೆಳಗೆ ಓದುತ್ತ ಕೂತರು, ಮೋಸಹೋದರು. ಫ್ಯಾಕ್ಟ್ ಚೆಕ್ಕರ್‌ಗಳು ಪುಟ ಬಿಟ್ಟು ಪಕ್ಕಕ್ಕೆ ಹೋಗಿ, ಹೊಸ ಟ್ಯಾಬ್ ತೆರೆದು, ಬೇರೆಯವರು ಏನು ಹೇಳಿದ್ದಾರೆ ನೋಡಿದರು. ನಾನು ಮೊದಲ ದಿನ ಮಾಡಿದ್ದು ಏನು? ಒಂದೇ ಸಂಪುಟ ಹಿಡಿದು ಅರ್ಧ ಗಂಟೆ ತಿರುವಿದ್ದು. ಸಾಲು ಬಸವಣ್ಣನವರದ್ದೇ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರಿಂದ ಬೇರೆ ಸಂಪುಟದ ಕಡೆ ಕೈಯೇ ಹೋಗಲಿಲ್ಲ.

ನಮ್ಮ ದೇಶದ ಸವಲತ್ತುಗಳ ಬಗ್ಗೆ ಎರಡು ಮಾತು. 2025ರ ಜನವರಿ 1ರಿಂದ ಒಂದು ದೇಶ ಒಂದು ಚಂದಾ ಯೋಜನೆ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜುಗಳಿಗೂ ತೆರೆದವು. ವಿಜ್ಞಾನದವರಿಗೆ ಹಬ್ಬ. 13,000 ಜರ್ನಲ್ ಬಂದವು, ಆಯ್ದಕ್ಕಿ ಮಾರಯ್ಯ ಬರಲಿಲ್ಲ! ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧಗಳ ಭಂಡಾರ ಶೋಧಗಂಗಾದಲ್ಲಿ ಕಾಯಕದ ಬಗ್ಗೆ ಪಿಎಚ್‌.ಡಿ. ಪ್ರಬಂಧ ಹುಡುಕಿದೆವು. ಕನ್ನಡದ ಎಷ್ಟೋ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಒಳಗಿನ ಪದ ಹುಡುಕಲು ಆಗುವುದಿಲ್ಲ. ಕೆಲವು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನವು. ಕಣ್ಣಿಗೆ ಚೆಂದದ ಕನ್ನಡ, ಕಾಪಿ ಮಾಡಿ ಅಂಟಿಸಿದರೆ "PÁAiÀÄPÀ" ಥರದ ಗಜಿಬಿಜಿ ಅಕ್ಷರ ಬರುತ್ತೆ. ಹುಡುಗಿಯರು ಮೊಬೈಲ್ ಕೆಟ್ಟಿದೆ ಅಂದುಕೊಂಡರು. ಯೂನಿಕೋಡ್ ಅಂದರೇನು ಅಂತ ನಾನು ಹೇಳಬೇಕಾಗಿ ಬಂದದ್ದು ಆಗಲೇ. ಆ ಪಾಠಕ್ಕೆ ಇಷ್ಟು ಒಳ್ಳೆಯ ಹೊತ್ತು ಬೇರೆ ಸಿಗುತ್ತಿರಲಿಲ್ಲ.

ಮಕ್ಕಳು ತಂದ ಸಾಲುಗಳು

ಮುಂದಿನ ಸೆಮಿಸ್ಟರ್‌ನಲ್ಲಿ ಮೂರು ಪೀರಿಯಡ್ ಕೇಳಿ ತೆಗೆದುಕೊಂಡೆ. ಮೊದಲನೆಯದರಲ್ಲಿ ಕಾಯಕದ ಸಾಲು. ಉತ್ತರ ಹೇಳದೆ ಹುಡುಕಲು ಬಿಟ್ಟೆ. ಎರಡನೆಯದರಲ್ಲಿ ಅವರವರ ಮನೆ ವಾಟ್ಸ್‌ಆ್ಯಪ್ ಗುಂಪಿನಿಂದ ಒಂದೊಂದು ಸಾಲು ತರಬೇಕು. ಮೂರನೆಯದರಲ್ಲಿ ಎಲ್ಲಿಯವರೆಗೆ ಹೋದೆ, ಎಲ್ಲಿ ದಾರಿ ಮುಗಿಯಿತು ಅಂತ ಹೇಳಬೇಕು.

ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ ಅನ್ನುವುದನ್ನು ನಾಲ್ಕು ಜನ ತಂದಿದ್ದರು. ಅದು ಹತ್ತು ನಿಮಿಷದಲ್ಲಿ ಬಿದ್ದುಹೋಯಿತು. ಯುನೆಸ್ಕೋ ಅಂಥ ಘೋಷಣೆ ಮಾಡಿಯೇ ಇಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಬೆಂದಕಾಳೂರು. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದೇ ಬೆಂಗಳೂರಾಯಿತು ಅನ್ನುವ ಕಥೆ. ಬೆಂಗಳೂರಿನಲ್ಲಿ ಅಣ್ಣ ಕೆಲಸ ಮಾಡುವ ಹುಡುಗನೊಬ್ಬ ಇದನ್ನು ತಂದಿದ್ದ. ಬೆಂಗಳೂರಿನ ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ಒಂದು ವೀರಗಲ್ಲಿದೆ. ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಆ ಹೆಸರು ಇದೆ ಅಂದಮೇಲೆ ಕಾಳಿನ ಕಥೆ ನಿಲ್ಲುವುದಿಲ್ಲ. ಬೆಂಗಳೂರು ಸುತ್ತಿನ ಶಾಸನಗಳನ್ನು ಅಲ್ಲಿನ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದಾರೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇವೆ. ಹುಡುಗ ಎರಡನ್ನೂ ತೆರೆದು ನೋಡಿದ. ಆ ರಜೆಯಲ್ಲಿ ಅಣ್ಣನ ಜೊತೆ ಬೇಗೂರಿಗೇ ಹೋಗಿ ಕಲ್ಲಿನ ಮುಂದೆ ನಿಂತು ಫೋಟೋ ಕಳಿಸಿದ. ಅಕ್ಷರ ಅವನಿಗೆ ಓದಲು ಬರಲಿಲ್ಲ. "ಆದ್ರೂ ಇಲ್ಲೇ ಇದೆ ಮೇಡಂ" ಅಂತ ಬರೆದಿದ್ದ.

ಎಲ್ಲರೂ ಹಾಗೆ ಮಾಡಿದರು ಅಂತಲ್ಲ. ಅರ್ಧ ಜನ ಮೊದಲು ಸಿಕ್ಕ ಪುಟವನ್ನೇ ಬುಡ ಅಂತ ತಂದರು. ಒಬ್ಬ "ಗೂಗಲ್" ಅಂತ ಆಕರ ಬರೆದಿದ್ದ. ಊರಿಗೆ ದಾರಿ ಕೇಳಿದರೆ ಬಸ್‌ಸ್ಟ್ಯಾಂಡ್ ಅಂದ ಹಾಗೆ. ಹಳ್ಳಿಯಿಂದ ಬರುವ ಕೆಲವರಿಗೆ ಸಂಜೆ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅವರಿಗೆ ಲೈಬ್ರರಿಯ ನಾಲ್ಕು ಕಂಪ್ಯೂಟರೇ ಗತಿ. ಅದರಲ್ಲಿ ಓಡುವುದು ಎರಡು.

ಈಗ ವರದಿ ಕೊಡುವಾಗ ಒಂದು ನಿಯಮ ಇಟ್ಟಿದ್ದೇನೆ. ಸಿಕ್ಕಿದ್ದನ್ನು ಮಾತ್ರ ಅಲ್ಲ, ಹುಡುಕಿದ ಪದಗಳನ್ನೂ ಬರೆಯಬೇಕು. "ಕಾಯಕವೇ ಕೈಲಾಸ, ಸಿಗಲಿಲ್ಲ. ಕಾಯಕವೆ, ಸಿಕ್ಕಿತು" ಅಂತ. ವಚನಗಳಲ್ಲಿ "ಆದೊಡೆ" ಇದೆ, "ಆದಡೆ"ಯೂ ಇದೆ. ಒಂದು ರೂಪದಲ್ಲಿ ಹುಡುಕಿ ಇಲ್ಲ ಅಂದುಬಿಟ್ಟರೆ ತಪ್ಪಾಗುತ್ತೆ. ಇದು ಯಾವ ಅಮೆರಿಕದ ಪಟ್ಟಿಯಲ್ಲೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ.

ಸಂಕೀರ್ಣ ಸಂಪುಟ ಕಪಾಟಿಗೆ ಬಂತು. ಉಳಿದ ಎರಡು ಇನ್ನೂ ಬಂದಿಲ್ಲ, ನೋಟಿಸ್ ಹೋಗಿದೆ. ಆ 500 ಬುಕ್‌ಮಾರ್ಕ್‌ಗಳಲ್ಲಿ ಇನ್ನೂರರಷ್ಟು ಡ್ರಾಯರ್‌ನಲ್ಲಿ ಉಳಿದಿದ್ದವು. ಎಸೆಯೋಣ ಅಂದುಕೊಂಡಿದ್ದೆ. ಈಗ ಮೊದಲ ಪೀರಿಯಡ್‌ನಲ್ಲಿ ಬೆಂಚಿಗೆ ಒಂದರಂತೆ ಹಂಚುತ್ತೇನೆ, ಹಿಂದೆ ಪೆನ್ಸಿಲ್‌ನಲ್ಲಿ ಬರೆಯಲು ಹೇಳುತ್ತೇನೆ: ಇದನ್ನು ಮಾಡಿಸಿದವರು ಎಲ್ಲಿ ತಪ್ಪಿದರು? ಹೋದ ವಾರ ಒಬ್ಬ ಹುಡುಗ ಬರೆದು ಕೊಟ್ಟ ಉತ್ತರ: "ಮೇಡಂ ಲೈಬ್ರರಿಗೆ ಹೋಗಲಿಲ್ಲ."